ಕಡಿಮೆ ಸೋಡಿಯಂ ಉಪ್ಪು: ಚೀನಾದ ಅಧ್ಯಯನ ನಮ್ಮ ಅಡುಗೆಮನೆಗೆ ಎಷ್ಟು ಹೊಂದುತ್ತದೆ?

ಹಾಸನ_ಅಡುಗೆಮನೆ:
ನಮಸ್ಕಾರ. ಉಪ್ಪು ಬದಲಿಸಿದರೆ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗುತ್ತದೆ ಅಂತ ಚೀನಾದ ಅಧ್ಯಯನದ ಸುದ್ದಿ ಓಡಾಡುತ್ತಿದೆ. ನಮ್ಮದು ನಾಲ್ಕು ಜನರ ಮನೆ, ಎಲ್ಲರಿಗೂ ಒಂದೇ ಅಡುಗೆ. ಅತ್ತೆಗೆ ಬಿಪಿ, ಟೆಲ್ಮಿಸಾರ್ಟಾನ್ ತಗೋತಾರೆ. ಮಾವನಿಗೆ ಹಳೆಯ ಸಕ್ಕರೆ ಕಾಯಿಲೆ. ಅಂಗಡಿಯಲ್ಲಿ "15% ಕಡಿಮೆ ಸೋಡಿಯಂ" ಅಂತ ಪ್ಯಾಕೆಟ್ ಸಿಗುತ್ತದೆ. ಅಧ್ಯಯನದಲ್ಲಿ ಕೊಟ್ಟಿದ್ದು ಇದೇನಾ? ಸೈಂಧವ ಲವಣ ಬಳಸಿದರೆ ಸಾಲದಾ? ತಿಳಿದವರು ಹೇಳಿ.

ಅಂಕಿಅಂಶ:
ಮೊದಲು ಆ ಶೇ. 14ರ ಹಿಂದೇನಿದೆ ನೋಡೋಣ. ಸಿಡ್ನಿಯ ಜಾರ್ಜ್ ಇನ್‌ಸ್ಟಿಟ್ಯೂಟ್ ಮತ್ತು ಪೀಕಿಂಗ್ ವಿಶ್ವವಿದ್ಯಾಲಯದವರು ಉತ್ತರ ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ಮಾಡಿದ ಪ್ರಯೋಗ ಇದು. ಫಲಿತಾಂಶ 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. ಉಳಿದವಕ್ಕೆ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು. ಸರಾಸರಿ ಐದು ವರ್ಷದ ಹತ್ತಿರ ಗಮನಿಸಿದರು.

ಸಾವಿರ ಜನರನ್ನು ಒಂದು ವರ್ಷ ಲೆಕ್ಕಕ್ಕೆ ತಗೊಂಡರೆ ಮಾಮೂಲಿ ಉಪ್ಪಿನವರಲ್ಲಿ ಸುಮಾರು 34 ಪಾರ್ಶ್ವವಾಯು, ಬದಲಿ ಉಪ್ಪಿನವರಲ್ಲಿ 29. ಸಾವುಗಳೂ ಶೇ. 12ರಷ್ಟು ಕಡಿಮೆಯಾದವು. ಬರೀ ಉಪ್ಪಿನ ಪ್ಯಾಕೆಟ್ ಬದಲಿಸಿ ಇಷ್ಟು ಸಿಗುವುದು ದೊಡ್ಡ ಮಾತು. ಆದರೆ ಅಲ್ಲಿದ್ದವರು ಮೊದಲೇ ಪಾರ್ಶ್ವವಾಯು ಆದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು. ಬಹುಪಾಲು ಮನೆಯ ಊಟವನ್ನೇ ಉಣ್ಣುವವರು. ಬಿಪಿ ಇಲ್ಲದ ಮೂವತ್ತರ ವಯಸ್ಸಿನವರಿಗೆ ಅದೇ ಶೇ. 14 ಅಂತ ಹೇಳಲು ಬರುವುದಿಲ್ಲ. ನಿಮ್ಮ ಅತ್ತೆ ಮಾತ್ರ ಆ ಗುಂಪಿಗೆ ಹತ್ತಿರದವರು.

ಇದು ಚೀನಾದ ಊಟಕ್ಕಷ್ಟೇ ಸೀಮಿತ ಅಂತಲೂ ಅಲ್ಲ. ತೆಲಂಗಾಣದ ಸಿದ್ದಿಪೇಟೆಯ ಹಳ್ಳಿಗಳಲ್ಲಿ ಬಿಪಿ ಇರುವ 502 ಜನರ ಪ್ರಯೋಗದಲ್ಲಿ ಒಂದು ಗುಂಪಿಗೆ ಮೂರು ತಿಂಗಳು ಇಂಥದ್ದೇ ಉಪ್ಪು ಕೊಟ್ಟಾಗ, ಮಾಮೂಲಿ ಉಪ್ಪಿನ ಗುಂಪಿಗಿಂತ ಮೇಲಿನ ಬಿಪಿ ಸರಾಸರಿ 4.6 ಅಂಕ ಹೆಚ್ಚು ಇಳಿಯಿತು.

ಕಿಡ್ನಿ_ಮಾಹಿತಿ:
ನಿಮ್ಮ ಮನೆಯಲ್ಲಿ ಅತ್ತೆಗಿಂತ ಮೊದಲು ಮಾವನ ವಿಚಾರ ನೋಡಬೇಕು. ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇದೆ; ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವುದು ಮುಖ್ಯವಾಗಿ ಕಿಡ್ನಿ. ಹಳೆಯ ಸಕ್ಕರೆ ಕಾಯಿಲೆ ಕಿಡ್ನಿಯನ್ನು ಸದ್ದಿಲ್ಲದೆ ಕೆಡಿಸುತ್ತದೆ. ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ, ಎಷ್ಟೋ ಸಲ ಮುನ್ಸೂಚನೆ ಇಲ್ಲದೆ. ಕಿಡ್ನಿ ರೋಗಿಗಳಿಗೆ ಎಳನೀರು ಬೇಡ ಅನ್ನುವುದೂ ಇದೇ ಕಾರಣಕ್ಕೆ.

ಅತ್ತೆಯ ಟೆಲ್ಮಿಸಾರ್ಟಾನ್, ಹಾಗೆಯೇ ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಬಿಪಿ ಮಾತ್ರೆಗಳು ಕೂಡ ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ ಇನ್ನೂ ಹೆಚ್ಚು. ಚೀನಾದ ಪ್ರಯೋಗದಲ್ಲಿ ಬದಲಿ ಉಪ್ಪಿನಿಂದ ಪೊಟ್ಯಾಸಿಯಂ ಏರುವ ಗಂಭೀರ ತೊಂದರೆ ಹೆಚ್ಚಾಗಲಿಲ್ಲ, ನಿಜ. ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನೂ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯವರನ್ನೂ ಮೊದಲೇ ಹೊರಗಿಟ್ಟಿದ್ದರು. ಎಲ್ಲರ ರಕ್ತದ ಪೊಟ್ಯಾಸಿಯಂ ಅನ್ನು ಆಗಾಗ ಅಳೆದೂ ಇರಲಿಲ್ಲ. "ಅಪಾಯವೇ ಇಲ್ಲ" ಅಂತ ಸುದ್ದಿಯಲ್ಲಿ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ, ಅದು ತಪ್ಪು.

ಪ್ಯಾಕೆಟ್ ತರುವ ಮೊದಲು ಇಬ್ಬರಿಗೂ ಸೀರಂ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ರಿಪೋರ್ಟಿನಲ್ಲಿ ಇಜಿಎಫ್ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂಕ) ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ; ಕ್ರಿಯಾಟಿನಿನ್ "ನಾರ್ಮಲ್" ಕಂಡರೂ ವಯಸ್ಸಾದವರಲ್ಲಿ ಇಜಿಎಫ್ಆರ್ ಕಡಿಮೆ ಇರಬಹುದು. ಮಾವನಿಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಆಗಲಿ. ಮಾತ್ರೆಗಳ ಪಟ್ಟಿಯ ಜೊತೆ ಡಾಕ್ಟರಿಗೆ ತೋರಿಸಿ, ಅವರು ಹೂಂ ಅಂದ ಮೇಲೆ ಮುಂದಿನ ಮಾತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪ್ಪಿಗೆ ಷರತ್ತಿನ ಶಿಫಾರಸು ಕೊಟ್ಟಿದೆ; ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಅದರೊಳಗೆ ಬರುವುದಿಲ್ಲ. ಒಬ್ಬರಿಗೆ ಆಗದು ಅಂದರೆ ಒಂದೇ ಪಾತ್ರೆಯ ಅಡುಗೆಯಲ್ಲಿ ಯಾರಿಗೂ ಬೇಡ.

ಆಹಾರ_ಲೆಕ್ಕ:
ಲೇಬಲ್ ವಿಷಯ. 100 ಗ್ರಾಂ ಮಾಮೂಲಿ ಉಪ್ಪಿನಲ್ಲಿ ಸೋಡಿಯಂ ಸುಮಾರು 39 ಗ್ರಾಂ. ಚೀನಾದಲ್ಲಿ ಕೊಟ್ಟದ್ದರಲ್ಲಿ ಸುಮಾರು 29.5. ನೀವು ಹೇಳುವ 15% ಪ್ಯಾಕೆಟ್ಟಿನಲ್ಲಿ 33ರ ಆಸುಪಾಸು. ಹಾಗಾಗಿ ಅದು ಅದೇ ಉಪ್ಪಲ್ಲ, ಅರ್ಧ ದಾರಿ. ಪದಾರ್ಥಗಳ ಸಾಲಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಅಯೋಡಿನ್ ಎರಡೂ ಇರಬೇಕು. ಸೈಂಧವ, ಗುಲಾಬಿ ಉಪ್ಪು, ಕಲ್ಲುಪ್ಪು ಇವೆಲ್ಲ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಸೈಂಧವದಲ್ಲಿ ಸಾಮಾನ್ಯವಾಗಿ ಅಯೋಡಿನ್ ಕೂಡ ಸೇರಿಸಿರುವುದಿಲ್ಲ.

ಎಷ್ಟು ಹಾಕಬೇಕು? ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಒಂದು ಟೀ ಚಮಚದಷ್ಟು. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ಒಂದು ಕಿಲೋ 25 ದಿನಕ್ಕೆ ಮುಗಿದರೆ 1000 ಭಾಗಿಸು 25, ಭಾಗಿಸು 4: ತಲೆಗೆ 10 ಗ್ರಾಂ, ಅಂದರೆ ಮಿತಿಯ ಎರಡರಷ್ಟು. ಹೋಟೆಲು, ಬೇಕರಿ, ಕುರುಕಲು ತಿಂಡಿಯ ಉಪ್ಪು ಇದರ ಮೇಲೆ.

ಬದಲಿ ಉಪ್ಪಿನಲ್ಲಿ ಜನ ಎಡವುವುದು ಇಲ್ಲೇ. ರುಚಿ ಚೂರು ಸಪ್ಪೆ ಅನ್ನಿಸಿ ಇನ್ನಷ್ಟು ಹಾಕುತ್ತಾರೆ. 15% ಪ್ಯಾಕೆಟ್ಟನ್ನು ಆರನೇ ಒಂದು ಪಾಲು ಜಾಸ್ತಿ ಹಾಕಿದರೆ ಸೋಡಿಯಂ ಮೊದಲಿನಷ್ಟೇ ಆಯಿತು, ಪೊಟ್ಯಾಸಿಯಂ ಮಾತ್ರ ಏರಿತು. ಚಿಟಿಕೆ ಲೆಕ್ಕ ಬಿಟ್ಟು ಅಳತೆಯ ಚಮಚ ಡಬ್ಬದಲ್ಲೇ ಇಡಿ. ಪೊಟ್ಯಾಸಿಯಂ ಕ್ಲೋರೈಡಿನ ಸಣ್ಣ ಕಹಿ ಮಜ್ಜಿಗೆ, ಅನ್ನದಂಥ ಬಿಳಿ ಪದಾರ್ಥದಲ್ಲಿ ತಿಳಿಯುತ್ತದೆ. ಹುಣಸೆಹುಳಿ, ನಿಂಬೆ, ಮೆಣಸು ಬಿದ್ದ ಸಾರು-ಹುಳಿಯಲ್ಲಿ ಅಷ್ಟಾಗಿ ತಿಳಿಯದು. ಅಲ್ಲಿಂದ ಶುರುಮಾಡಿ.

ಹಾಸನ_ಅಡುಗೆಮನೆ:
ತುಂಬಾ ಉಪಕಾರ. ಪರೀಕ್ಷೆ ಮೊದಲು ಮಾಡಿಸುತ್ತೇವೆ. ಉಪ್ಪಿನಕಾಯಿಗೂ ಇದೇ ಉಪ್ಪು ಹಾಕಬಹುದಾ? ಬಿಪಿ ಇಳಿದದ್ದು ಗೊತ್ತಾಗುವುದು ಹೇಗೆ?

ಆಹಾರ_ಲೆಕ್ಕ:
ಉಪ್ಪಿನಕಾಯಿಗೆ ಬೇಡ. ಅಷ್ಟು ಉಪ್ಪು ಬೀಳುವಲ್ಲಿ ಕಹಿ ಎದ್ದು ಕಾಣುತ್ತದೆ. ಮಾಮೂಲಿ ಉಪ್ಪಿನಲ್ಲೇ ಹಾಕಿ, ಬಡಿಸುವುದನ್ನು ಕಡಿಮೆ ಮಾಡಿ. ಹಪ್ಪಳದ ಖಾರ (ಮೆಣಸಿನ ಖಾರವಲ್ಲ, ಹಪ್ಪಳಕ್ಕೆ ಹಾಕುವ ಕ್ಷಾರ), ಅಡುಗೆ ಸೋಡಾ ಕೂಡ ಸೋಡಿಯಮ್ಮೇ: ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1.2 ಗ್ರಾಂ, ಮೂರು ಗ್ರಾಂ ಉಪ್ಪಿಗೆ ಸಮ.

ಕಿಡ್ನಿ_ಮಾಹಿತಿ:
ಮೂರು-ನಾಲ್ಕು ಅಂಕದ ಇಳಿಕೆ ಒಂದು ಸಲದ ಅಳತೆಯಲ್ಲಿ ಕಾಣುವುದಿಲ್ಲ. ಬಿಪಿ ದಿನದಿನಕ್ಕೆ ಅದಕ್ಕಿಂತ ಹೆಚ್ಚು ಆಡುತ್ತದೆ. ಉಪ್ಪು ಬದಲಿಸುವ ಮೊದಲು ಒಂದು ವಾರ, ಎರಡು ತಿಂಗಳ ನಂತರ ಒಂದು ವಾರ ಅಳೆಯಿರಿ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ, ತೋಳು ಎದೆಯ ಮಟ್ಟದಲ್ಲಿ. ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡಿ. ಮೊದಲ ದಿನದ್ದು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ಅಂಕ ಇಳಿಯಿತೆಂದು ಅತ್ತೆಯ ಮಾತ್ರೆ ನೀವೇ ಕಡಿಮೆ ಮಾಡಬೇಡಿ. ಉಪ್ಪು ಬದಲಿಸಿದ ಮೇಲೆ ಪೊಟ್ಯಾಸಿಯಂ ಮತ್ತೊಮ್ಮೆ ಯಾವಾಗ ಅಳೆಸಬೇಕು ಅಂತಲೂ ಡಾಕ್ಟರನ್ನು ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ.