ಸಹಾಯ ಬೇಕು: ಬೊಜ್ಜು ತಡೆಯುವ ಕಾರ್ಯಕ್ರಮ ಗೆದ್ದಿದೆಯಾ, ಸೋತಿದೆಯಾ?

ಎಲ್ಲರಿಗೂ ನಮಸ್ಕಾರ. ಮಕ್ಕಳಲ್ಲಿ ಬೊಜ್ಜು ಬರದಂತೆ ತಡೆಯುವ ಒಂದು ಸಮುದಾಯ ಕಾರ್ಯಕ್ರಮದ ಮೌಲ್ಯಮಾಪನ ನನ್ನ ಹೆಗಲಿಗೆ ಬಿದ್ದಿದೆ. ದಿನಾ ಆಟ, ಸಿಹಿ ಪಾನೀಯಕ್ಕೆ ಕಡಿವಾಣ, ಅಪ್ಪ ಅಮ್ಮಂದಿರಿಗೆ ತಿಳಿವಳಿಕೆ, ಇಷ್ಟೇ ಕಾರ್ಯಕ್ರಮ. ಶುರುವಿನಲ್ಲಿ ಮತ್ತು ವರ್ಷದ ಕೊನೆಯಲ್ಲಿ ಎತ್ತರ, ತೂಕ ಅಳೆದಿದ್ದಾರೆ. ಹೋಲಿಸಲು ಬೇರೆ ಗುಂಪೇ ಇಲ್ಲ.

ಸರಾಸರಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಎಷ್ಟಿದೆ ಅನ್ನುವ ಲೆಕ್ಕ) ನೋಡಿದರೆ ಜಾಸ್ತಿಯಾಗಿದೆ. ಆದರೆ ಈ ವಯಸ್ಸಿನ ಮಕ್ಕಳಲ್ಲಿ ಅದು ಬೆಳೆಯುತ್ತಾ ತಾನಾಗೇ ಏರುತ್ತದೆ ಅಲ್ವಾ, ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿ (5ರಿಂದ 19 ವರ್ಷದವರದ್ದು) ಹಿಡಿದು ವಯಸ್ಸು, ಲಿಂಗಕ್ಕೆ ತಕ್ಕ ಝಡ್ ಸ್ಕೋರ್ (ಪಟ್ಟಿಯ ಅದೇ ವಯಸ್ಸು, ಲಿಂಗದ ಮಕ್ಕಳ ಮಟ್ಟಕ್ಕಿಂತ ಮಗುವಿನ ಬಿಎಂಐ ಎಷ್ಟು ಮೇಲೆ ಅಥವಾ ಕೆಳಗಿದೆ ಅನ್ನುವ ಅಂಕ) ಲೆಕ್ಕ ಹಾಕಿದೆ. ಎರಡೂ ಸಲ ಸಿಕ್ಕ ಮಕ್ಕಳನ್ನಷ್ಟೇ ತೆಗೆದುಕೊಂಡೆ. ಸ್ಕೋರ್ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಹಣ ಕೊಟ್ಟವರು "ಏನೂ ಬದಲಾಗಿಲ್ಲ, ಫೇಲ್" ಅಂತಾರೆ. ನಡೆಸಿದವರು "ಏರಲಿಲ್ಲವಲ್ಲ, ತಡೆಯೋದು ಅಂದರೆ ಅದೇ ತಾನೇ" ಅಂತಾರೆ. ಎರಡನೆಯ ಮಾತೇ ನನಗೆ ಸರಿ ಅನ್ನಿಸುತ್ತದೆ, ಆದರೆ ಕಾರ್ಯಕ್ರಮ ಇಲ್ಲದಿದ್ದರೆ ಏರುತ್ತಿತ್ತು ಅಂತ ತೋರಿಸೋದು ಹೇಗೆ?

ಇನ್ನೊಂದು ತಲೆನೋವು. ಕೊನೆಯ ಅಳತೆಗೆ ಬರದವರಲ್ಲಿ ಹೆಚ್ಚಿನವರು ಶುರುವಿನಲ್ಲೇ ಝಡ್ ಸ್ಕೋರ್ +1 ದಾಟಿದ್ದ, ಅಂದರೆ ತೂಕ ಜಾಸ್ತಿ ಇದ್ದ ಮಕ್ಕಳು. ಎಲ್ಲರ ಮುಂದೆ ತೂಕದ ಯಂತ್ರ ಹತ್ತಲು ನಾಚಿಕೆ, ಪಾಪ. ಅವರ ತೂಕ ಏರಿದ್ದರೂ ನನ್ನ ಲೆಕ್ಕದಲ್ಲಿ ಕಾಣುವುದಿಲ್ಲ.

ಕಾರ್ಯಕ್ರಮ ಇನ್ನೂ ಶುರುವಾಗದ ಬಡಾವಣೆಗಳಿವೆ. ಅಲ್ಲಿನ ಅದೇ ವಯಸ್ಸಿನ ಮಕ್ಕಳನ್ನು ಈಗ ಅಳೆದು ಹೋಲಿಸಬಹುದಾ, ಅಥವಾ ಅವರ ಹಿಂದಿನ ವರ್ಷದ ಅಳತೆ ಇಲ್ಲದೆ ಅದು ಸುಮ್ನೆ ದಂಡವಾ? ಬಿಟ್ಟುಹೋದ ಮಕ್ಕಳನ್ನು ಲೆಕ್ಕಕ್ಕೆ ಹೇಗೆ ತರೋದು? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.