'ಸೀ' ಅಂದ್ರೆ ಬರೀ ನೋಡೋದಾ? ನಮ್ಮ ತುಮಕೂರು ಮನೆ ಗುಂಪಿನ ವಾದ

ತಿಪಟೂರು ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) "ಇಂಗ್ಲಿಷಿನ 'ಸೀ'ಗೆ ಇರೋದು ಒಂದೇ ಅರ್ಥ. ನಮ್ಮ 'ನೋಡು'ಗೆ ಲೆಕ್ಕವಿಲ್ಲದಷ್ಟು! ಆಕ್ಸ್‌ಫರ್ಡ್ ನಿಘಂಟಿನವರೇ ಒಪ್ಪಿಕೊಂಡಿದ್ದಾರೆ. ಕನ್ನಡಿಗರಾಗಿದ್ದರೆ 10 ಜನಕ್ಕೆ ಕಳಿಸಿ 🙏"

ತಿಪಟೂರು ಚಿಕ್ಕಪ್ಪ: ಕಾನ್ವೆಂಟಿಗೆ ಸೇರಿ ಮಕ್ಕಳೆಲ್ಲ ಕನ್ನಡ ಮರೀತಾವೆ. ಎಲ್ರೂ ಓದಿ.

ಗುಬ್ಬಿ ಅಣ್ಣ: ಚಿಕ್ಕಪ್ಪ, ಆಕ್ಸ್‌ಫರ್ಡಿನವರು ಎಲ್ಲಿ, ಯಾವಾಗ ಒಪ್ಪಿಕೊಂಡ್ರು? ಲಿಂಕ್ ಹಾಕಿ.

ತಿಪಟೂರು ಚಿಕ್ಕಪ್ಪ: ಕನ್ನಡ ದೊಡ್ಡದು ಅನ್ನೋಕೂ ನಿಂಗೆ ಸಾಕ್ಷಿ ಬೇಕೇನಪ್ಪ?

ಶಿರಾ ಅತ್ತೆ: ನಾಡಿ ನೋಡ್ತೀವಿ, ಮುಹೂರ್ತ ನೋಡ್ತೀವಿ, ಉಪ್ಪು ನೋಡ್ತೀವಿ, ಬರೋರ ದಾರಿ ನೋಡ್ತೀವಿ. ಸರಿಯಾಗೇ ಇದೆಯಲ್ಲ 👏

ಮಧುಗಿರಿ ಅಕ್ಕ: ಅತ್ತೆ, ಅಷ್ಟೂ ನಿಜ. 'ಸೀ'ಗೆ ಒಂದೇ ಅರ್ಥ ಅನ್ನೋದು ಮಾತ್ರ ಸುಳ್ಳು. ಯಾವ ನಿಘಂಟು ತೆಗೆದ್ರೂ ಅರ್ಥಗಳಿಗೆ ನಂಬರ್ ಹಾಕಿ ಸಾಲಾಗಿ ಕೊಟ್ಟಿರ್ತಾರೆ. ಕಣ್ಣಿಗೆ ಬೀಳೋದು, ಅರ್ಥವಾಗೋದು, ಭೇಟಿ ಮಾಡೋದು, ಖಾತ್ರಿ ಮಾಡ್ಕೊಳ್ಳೋದು, ಬೀಳ್ಕೊಡೋದು, ಎಲ್ಲಕ್ಕೂ 'ಸೀ' ಬರುತ್ತೆ. ಪೋಪ್ ಅವರ ಪೀಠವನ್ನ 'ಹೋಲಿ ಸೀ' ಅಂತಾರಲ್ಲ, ಅದು ಮಾತ್ರ ಬೇರೆ ಪದ. ಲ್ಯಾಟಿನ್ನಿನ 'ಸೆದೆಸ್', ಅಂದ್ರೆ ಆಸನ, ಅದರಿಂದ ಬಂದಿದ್ದು.

ಕ್ಯಾತ್ಸಂದ್ರ ಪುಟ್ಟ: ಅಜ್ಜಿ ದಾರಿ ನೋಡ್ತಾ ಜಗುಲಿ ಮೇಲೆ ಕೂತಿರೋರು 😢 ದೇವರಾಯನದುರ್ಗಕ್ಕೆ ಹೋದಾಗ ನಾಮದ ಚಿಲುಮೆ ಹತ್ರ ಚಿತ್ರಾನ್ನ ತಿಂದಿದ್ದು ಯಾರಿಗೆ ನೆನಪಿದೆ?

ಶಿರಾ ಅತ್ತೆ: ಅಯ್ಯೋ ಮರೆಯೋದುಂಟಾ ಕಂದ. ಬುತ್ತಿ ಕಟ್ಟಿದ್ದು ನಾನೇ.

ಮಧುಗಿರಿ ಅಕ್ಕ: ಪುಟ್ಟ, ಅದೇ ಬೆಟ್ಟ ತಗೋ. "ಯೋಗಾನರಸಿಂಹನ ಗುಡಿ ಹತ್ರ ನಿಂತು ನೋಡಿದೆ, ಮಂಜಲ್ಲಿ ಏನೂ ಕಾಣಲಿಲ್ಲ." ಇದರಲ್ಲಿ ನೋಡಿದ್ದು 'ಲುಕ್', ಕಂಡಿದ್ದು 'ಸೀ'. ನಾವಾಗಿ ಕಣ್ಣು ಹಾಯಿಸಿದ್ರೆ ಲುಕ್, ತಾನಾಗಿ ಕಣ್ಣಿಗೆ ಬಿದ್ರೆ ಸೀ, ಆಟವೋ ಟಿವಿಯೋ ಅಂಥ ಓಡೋದನ್ನ ಕಣ್ಣು ಬಿಡದೆ ನೋಡಿದ್ರೆ ವಾಚ್. 'ನನಗೆ ಕಾಣುತ್ತೆ' ಅಂತೀವೇ ಹೊರತು 'ನಾನು ಕಾಣ್ತಾ ಇದೀನಿ' ಅನ್ನಲ್ಲ. ಅದಕ್ಕೇ 'ಐ ಆಮ್ ಸೀಯಿಂಗ್ ದಿ ಬೋರ್ಡ್' ತಪ್ಪು, 'ಲುಕಿಂಗ್ ಅಟ್' ಅನ್ಬೇಕು. ಗೈಡ್‌ಗಳಲ್ಲಿ ಮೂರಕ್ಕೂ 'ನೋಡು' ಅಂತ ಒಂದೇ ಅರ್ಥ ಕೊಟ್ಟಿರೋದ್ರಿಂದ ಮಕ್ಕಳು ಇಲ್ಲೇ ಮಾರ್ಕ್ಸ್ ಕಳ್ಕೊಳ್ಳೋದು. 'ಕಾಣು' ಅಂತ ಹೇಳ್ಕೊಡಿ, ಅರ್ಧ ತಪ್ಪು ಅಲ್ಲೇ ಹೋಗುತ್ತೆ.

ಗುಬ್ಬಿ ಅಣ್ಣ: ಡಾಕ್ಟರ್ ವಿಷಯಕ್ಕೆ 'ಸೀಯಿಂಗ್' ಬರುತ್ತಲ್ಲ ಅಕ್ಕ?

ಮಧುಗಿರಿ ಅಕ್ಕ: ಬರುತ್ತೆ. 'ಐ ಆಮ್ ಸೀಯಿಂಗ್ ದಿ ಡಾಕ್ಟರ್ ಟುಮಾರೋ' ಸರಿ, ಅಲ್ಲಿ ಅದು ಭೇಟಿ. ಹುಡುಗ ಹುಡುಗಿ ವಿಷಯಕ್ಕೆ 'ಸೀಯಿಂಗ್' ಅಂದ್ರೆ ಇಬ್ಬರೂ ಓಡಾಡ್ತಾ ಇದಾರೆ, ಪ್ರೀತಿ ಮಾಡ್ತಾ ಇದಾರೆ ಅಂತ.

ಗುಬ್ಬಿ ಅಣ್ಣ: ಇದೇ ಗುಂಪಲ್ಲಿ ಚಿಕ್ಕಪ್ಪ ಬರೆದಿದ್ರಲ್ಲ, 'ಅವರ್ ಡಾಟರ್ ಈಸ್ ಸೀಯಿಂಗ್ ಎ ಬಾಯ್' ಅಂತ. ಗಂಡು ನೋಡೋ ಶಾಸ್ತ್ರಕ್ಕೆ!

ತಿಪಟೂರು ಚಿಕ್ಕಪ್ಪ: ಇನ್ನೂ ಅದನ್ನ ಬಿಟ್ಟಿಲ್ಲ ನೋಡು ನೀನು. ಬೀಗರ ಮುಂದೆ ಓದಿ ನಕ್ಕವನೂ ನೀನೇ. ಗೃಹಪ್ರವೇಶದ ಪತ್ರಿಕೆಯಲ್ಲಿ ತಪ್ಪು ಹುಡುಕಿದವನೂ ನೀನೇ.

ದೊಡ್ಡಪ್ಪ: ಇಬ್ಬರೂ ಸುಮ್ನಿರಿ. ಭಾಷೆ ಇರೋದು ಮನಸ್ಸು ಕೂಡಿಸೋಕೆ. ದೊಡ್ಡವರ ತಪ್ಪನ್ನ ನಾಲ್ಕು ಜನರ ಮುಂದೆ ಎತ್ತಿ ಆಡಬಾರದು. ನಮ್ಮ ಕಚೇರಿ ಪತ್ರದಲ್ಲಿ 'ವೈಡ್ (vide) ಆರ್ಡರ್ ನಂಬರ್' ಅಂತ ಬರೀತಿದ್ವಲ್ಲ, ಆ 'ವೈಡ್' ಅಂದ್ರೂ ಲ್ಯಾಟಿನ್ನಿನಲ್ಲಿ 'ನೋಡು' ಅಂತಲೇ. ಯಾರೂ ಯಾರನ್ನೂ ನೋಡಿ ನಗ್ತಿರಲಿಲ್ಲ.

ಮಧುಗಿರಿ ಅಕ್ಕ: ಹೌದಪ್ಪ. ಪತ್ರದಲ್ಲಿ ಎಡವೋ ಜಾಗ ಇನ್ನೊಂದಿದೆ. 'ಸೀ ಇಫ್ ದಿ ಗೇಟ್ ಈಸ್ ಲಾಕ್ಡ್' ಅಂದ್ರೆ ಬೀಗ ಹಾಕಿದೆಯಾ ಅಂತ ಹೋಗಿ ನೋಡು. 'ಸೀ ದಟ್ ದಿ ಗೇಟ್ ಈಸ್ ಲಾಕ್ಡ್' ಅಂದ್ರೆ ಬೀಗ ಬಿದ್ದಿರೋ ಹಾಗೆ ನೋಡ್ಕೋ, ಅದು ನಿನ್ನ ಜವಾಬ್ದಾರಿ. 'ಇಫ್' ಬರೆದ್ರೆ ವಾಚ್‌ಮನ್ "ಹಾಕಿಲ್ಲ ಸಾರ್" ಅಂತ ಹೇಳಿ ಹೋಗಬಹುದು. 'ಥ್ರೂ' ಇನ್ನೂ ಸೂಕ್ಷ್ಮ. 'ಸೀ ಥ್ರೂ ಹಿಮ್' ಅಂದ್ರೆ ಅವನ ಕಪಟ ಗೊತ್ತಾಯ್ತು. 'ಸೀ ಹಿಮ್ ಥ್ರೂ' ಅಂದ್ರೆ ಕಷ್ಟ ಮುಗಿಯೋವರೆಗೂ ಜೊತೆಗೆ ನಿಂತ್ವಿ. ಪದ ಅದೇ, ಜಾಗ ಬದಲಾದ್ರೆ ಬೈಗುಳ ಉಪಕಾರ ಆಗುತ್ತೆ.

ಶಿರಾ ಅತ್ತೆ: ನಮ್ಮಲ್ಲೂ ಹಂಗೇ ಕಣಮ್ಮ. 'ಅವನನ್ನ ನೋಡ್ಕೋ' ಅಂದ್ರೆ ಆರೈಕೆ. 'ಅವನನ್ನ ನೋಡ್ಕೋತೀನಿ' ಅಂತ ಹಲ್ಲು ಕಡಿದ್ರೆ ಬೆದರಿಕೆ.

ಕ್ಯಾತ್ಸಂದ್ರ ಪುಟ್ಟ: ಆ ಬೆಟ್ಟದ ಫೋಟೋ ಯಾರ ಹತ್ರಾನಾದ್ರೂ ಇದೆಯಾ? ಅಜ್ಜಿ ಜೊತೆಗಿನದು.

ತಿಪಟೂರು ಚಿಕ್ಕಪ್ಪ: ನನ್ನ ಹತ್ರ ಇದೆ. ಇವನು ಇರೋ ಗುಂಪಿಗೆ ಹಾಕಲ್ಲ, ನಿಂಗೆ ಬೇರೆ ಕಳಿಸ್ತೀನಿ ಪುಟ್ಟ.

ದೊಡ್ಡಪ್ಪ: ಮಗಾ, ಚಿಕ್ಕಪ್ಪಂಗೆ ಒಂದು ಫೋನ್ ಮಾಡು. ಈಗಲೇ.

ಗುಬ್ಬಿ ಅಣ್ಣ: ಮಾಡ್ತೀನಪ್ಪ. ಆಕ್ಸ್‌ಫರ್ಡಿನವರು ಎಲ್ಲಿ ಒಪ್ಪಿಕೊಂಡ್ರು ಅಂತಾನೂ ಕೇಳ್ತೀನಿ.