9 ಎಂಎಂಗೂ .308ಕ್ಕೂ ಯಾವ ಕೇಸ್ ಗೇಜ್ ತಗೋಬೇಕು?

ಡಲ್ಲಾಸ್_ಗೌಡ:
ಎಲ್ಲರಿಗೂ ನಮಸ್ಕಾರ. ಟೆಕ್ಸಾಸಲ್ಲಿದೀನಿ, ಇತ್ತೀಚೆಗೆ ಮನೇಲೇ ರೀಲೋಡಿಂಗ್ (ಹಾರಿಸಿದ ಖಾಲಿ ಕೇಸಿಗೆ ಮತ್ತೆ ಪ್ರೈಮರ್, ಮದ್ದು, ಬುಲೆಟ್ ಹಾಕೋದು) ಶುರು ಮಾಡಿದೀನಿ, ಪಿಸ್ತೂಲಿಗೆ 9 ಎಂಎಂ, ಬೋಲ್ಟ್ ರೈಫಲಿಗೆ .308 ವಿಂಚೆಸ್ಟರ್. ಕೇಸ್ ಅಳತೆ ಸರಿ ಇದ್ಯಾ ಅಂತ ನೋಡೋ ಗೇಜ್ ವಿಷಯದಲ್ಲಿ ತಲೆ ಕೆಟ್ಟೋಗಿದೆ. ವಿಲ್ಸನ್, ಡಿಲ್ಲನ್, ಲೈಮನ್ ಅಂತ ಎಷ್ಟೊಂದಿದೆ, ಇನ್ನು ರೇಂಜಲ್ಲಿ ಸಿಕ್ಕೋರು ಹಾರ್ನಡಿ ಕಂಪ್ಯಾರೇಟರ್ (ಕ್ಯಾಲಿಪರಿಗೆ ಸಿಕ್ಕಿಸಿ ಕೇಸ್ ಅಳೆಯೋದು) ತಗೊಳ್ಳಿ ಅಂತಾರೆ. ಸದ್ಯಕ್ಕೆ ಫ್ರೆಂಡ್ ಹತ್ರ ಎರಡು ಗೇಜ್ ಇಸ್ಕೊಂಡು ನೋಡ್ದೆ. 9 ಎಂಎಂ ರೌಂಡ್ ಕೆಲವು ಗೇಜಲ್ಲಿ ಪೂರ್ತಿ ಕೂರಲ್ಲ, ಅದೇ ರೌಂಡ್ ಬ್ಯಾರಲ್‌ಗೆ ಟಕ್ ಅಂತ ಬೀಳುತ್ತೆ. .308ದು ಉಲ್ಟಾ, ಸೈಜ್ ಮಾಡಿದ (ಡೈಯಲ್ಲಿ ಒತ್ತಿ ಅಳತೆಗೆ ತಂದ) ಖಾಲಿ ಕೇಸು ವಿಲ್ಸನ್ ಗೇಜಲ್ಲಿ ಸರಿಯಾಗಿ ಕೂತಿದೆ, ರೈಫಲಿಗೆ ಹಾಕಿದ್ರೆ ಬೋಲ್ಟ್ ಬಿಗಿ. ಯಾವುದನ್ನ ನಂಬೋದು?

ರೈಫಲ್_ರಾಯರು:
ಗೌಡ್ರೇ, ಬ್ರ್ಯಾಂಡ್ ಆಮೇಲೆ. ಮೊದಲು ಆ ಗೇಜು ಏನನ್ನ ಅಳೀತಿದೆ ಅಂತ ನೋಡಿ. ವಿಲ್ಸನ್ ರೈಫಲ್ ಗೇಜು ನೋಡೋದು ಎರಡೇ, ತಳದಿಂದ ಶೋಲ್ಡರ್ (ಕೇಸು ಕಿರಿದಾಗೋ ಇಳಿಜಾರು) ತನಕ ಎಷ್ಟಿದೆ, ಕೇಸಿನ ಒಟ್ಟು ಉದ್ದ ಎಷ್ಟಿದೆ. ಒಳಗಡೆ ಬಾಡಿ ಭಾಗನ ಬೇಕಂತಲೇ ಸಡಿಲವಾಗಿ ಕೊರೆದಿರ್ತಾರೆ, ಹಾಗಾಗಿ ಬುಡದ ಹತ್ರ ಕೇಸು ಉಬ್ಬಿದ್ರೂ ಅದಕ್ಕೆ ಗೊತ್ತಾಗಲ್ಲ. ಬೇರೆ ಯಾರದೋ ರೈಫಲಲ್ಲಿ ಹಾರಿಸಿದ ಬ್ರಾಸ್ (ಖಾಲಿ ಕೇಸು) ಆದ್ರೆ ಬುಡದ ಮೇಲೇ ನನ್ನ ಅನುಮಾನ, ಸ್ಮಾಲ್ ಬೇಸ್ ಡೈ (ಬುಡನ ಇನ್ನೂ ಬಿಗಿಯಾಗಿ ಒತ್ತೋ ಡೈ) ಹಾಕಿ ನೋಡಿ. ಬಾಡೀನೂ ಚೆಕ್ ಆಗ್ಬೇಕಂದ್ರೆ ಚೇಂಬರ್ (ಬ್ಯಾರಲಲ್ಲಿ ರೌಂಡ್ ಕೂರೋ ಜಾಗ) ಅಳತೆಗೇ ಕೊರೆದಿರೋ ಗೇಜ್ ಬೇಕು, ಶೆರಿಡನ್ ಥರದ್ದು.

ಖಾಲಿ ಕೇಸಿಗೆ ಮಾರ್ಕರ್ ಪೆನ್ನಲ್ಲಿ ಕಪ್ಪು ಬಳಿದು ಚೇಂಬರಿಗೆ ಹಾಕಿ ಬೋಲ್ಟ್ ಮುಚ್ಚಿ ತೆಗೀರಿ, ಎಲ್ಲಿ ಉಜ್ಜಿ ಹಿತ್ತಾಳೆ ಹೊಳೆಯುತ್ತೋ ಅಲ್ಲೇ ತಾಗ್ತಿದೆ. ಶೋಲ್ಡರಲ್ಲಿ ಹೊಳೆದ್ರೆ ಡೈನ ಇನ್ನೂ ಸ್ವಲ್ಪ ಕೆಳಗಿಳಿಸ್ಬೇಕು, ತಳದಿಂದ ಸ್ವಲ್ಪ ಮೇಲೆ ಉಂಗುರ ಕಂಡ್ರೆ ಬುಡದ್ದೇ ತಕರಾರು. ಹಾಗೇ ಉದ್ದಾನೂ ನೋಡ್ಕೊಳ್ಳಿ, .308 ಕೇಸ್ 2.015 ಇಂಚು ದಾಟಬಾರದು, ಸಾಮಾನ್ಯವಾಗಿ 2.005ಕ್ಕೆ ಟ್ರಿಮ್ ಮಾಡ್ತಾರೆ. ಇದೆಲ್ಲ ಮದ್ದು, ಪ್ರೈಮರ್ ಇಲ್ಲದ ಖಾಲಿ ಕೇಸಲ್ಲಿ ಮಾತ್ರ ಸ್ವಾಮಿ, ಲೈವ್ ರೌಂಡ್‌ನ ಮನೇಲಿ ರೈಫಲಿಗೆ ಹಾಕಿ ನೋಡೋ ಕೆಲಸ ಖಂಡಿತ ಬೇಡ.

ಸೀಟಲ್_ಶೆಟ್ಟಿ:
9 ಎಂಎಂಗೆ ನಿಮ್ಮ ಬ್ಯಾರಲ್ಲೇ ಗೇಜು. ಪಿಸ್ತೂಲಿಂದ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ರೌಂಡ್ ಬಿಡಿ, ಟಕ್ ಅಂತ ಕೂತು, ಬೆರಳಲ್ಲಿ ಆರಾಮಾಗಿ ತಿರುಗಿ, ಬಗ್ಗಿಸಿದ ಕೂಡ್ಲೇ ತಾನಾಗಿ ಬಿದ್ರೆ ಪಾಸ್. ತಿರುಗ್ದೆ ಹಿಡ್ಕೊಂಡ್ರೆ ಬುಲೆಟ್ ರೈಫ್ಲಿಂಗಿಗೆ (ಬ್ಯಾರಲ್ ಒಳಗಿನ ಸುರುಳಿ ಗೆರೆಗಳಿಗೆ) ತಾಗ್ತಿರಬಹುದು, ಸಿಜೆಡ್ ಕಂಪನಿ ಪಿಸ್ತೂಲ್ ಬ್ಯಾರಲ್ಲಲ್ಲಿ ಇದು ಜಾಸ್ತಿ. ಒಟ್ಟು ಉದ್ದ 1.169 ಇಂಚಿನ ಒಳಗಿದ್ರೂ ಬುಲೆಟ್ ಆಕಾರ ದಪ್ಪಗಿದ್ರೆ ತಾಗುತ್ತೆ, ಇದನ್ನ ಗೇಜ್ ಹೇಳದೇನೂ ಇರಬಹುದು.

ನಿಮ್ಮ ಗೇಜಲ್ಲಿ ಕೂರದೇ ಇರೋ ರೌಂಡ್‌ನ ಉಲ್ಟಾ ಮಾಡಿ, ತಳದ ಕಡೆಯಿಂದ ಗೇಜ್ ಬಾಯಿಗೆ ಇಟ್ಟು ನೋಡಿ. ರಿಮ್ಮೇ (ತಳದ ಅಂಚೇ) ಒಳಗೆ ಹೋಗ್ತಿಲ್ಲ ಅಂದ್ರೆ ಎಕ್ಸ್‌ಟ್ರಾಕ್ಟರ್ (ಕೇಸು ಹೊರಗೆಳೆಯೋ ಕೊಕ್ಕೆ) ಕಚ್ಚಿ ಎಬ್ಬಿಸಿದ ಗೀರು ಅದು, ಉಗುರಿಗೆ ಸಿಗುತ್ತೆ. ಅಂಥ ರೌಂಡ್ ಎಷ್ಟೋ ಸಲ ಬ್ಯಾರಲ್ಲಲ್ಲಿ ಚೆನ್ನಾಗೇ ಕೂರುತ್ತೆ, ಯಾಕಂದ್ರೆ ಅಲ್ಲಿ ರಿಮ್ ಚೇಂಬರಿಂದ ಹೊರಗೇ ಉಳಿಯುತ್ತೆ. ಮ್ಯಾಚಿಗೆ ತುಂಬಾ ರೌಂಡ್ ಒಟ್ಟಿಗೆ ಚೆಕ್ ಮಾಡೋರಿಗೆ ನೂರು ತೂತಿನ ಗೇಜ್ ಒಳ್ಳೇದು, ನಿಮಗೀಗ ಬೇಡ.

ರೈಫಲ್_ರಾಯರು:
ಕಂಪ್ಯಾರೇಟರ್ ಬಗ್ಗೆ ಹೇಳೋದು ಬಿಟ್ಟೋಯ್ತು. ಬೋಲ್ಟ್ ರೈಫಲ್ ಒಂದೇ ಇದ್ರೆ ನಾನು ದುಡ್ಡು ಹಾಕೋದು ಅದಕ್ಕೇ. ಡ್ರಾಪ್ ಇನ್ ಗೇಜ್ (ಕೇಸು ಒಳಗೆ ಬಿಟ್ಟು ನೋಡೋದು) ಸಾಮಿ (SAAMI, ಅಮೆರಿಕದ ಮದ್ದುಗುಂಡು ಉದ್ಯಮದ ಸ್ಟ್ಯಾಂಡರ್ಡ್) ಅಳತೆಗೆ ಪಾಸೋ ಫೇಲೋ ಅಷ್ಟೇ ಹೇಳುತ್ತೆ, ನಿಮ್ಮ ಚೇಂಬರ್ ಎಷ್ಟಿದೆ ಅಂತ ಅದಕ್ಕೇನು ಗೊತ್ತು? ಕಂಪ್ಯಾರೇಟರ್‌ನ ಕ್ಯಾಲಿಪರಿಗೆ ಸಿಕ್ಕಿಸಿ (.308ಕ್ಕೆ .400 ಬುಶಿಂಗ್), ನಿಮ್ಮದೇ ರೈಫಲಲ್ಲಿ ಹಾರಿಸಿದ ಕೇಸಿನ ಪ್ರೈಮರ್ ತೆಗೆದು ಅಳೀರಿ, ಪ್ರೈಮರ್ ಉಬ್ಬಿದ್ರೆ ಲೆಕ್ಕ ತಪ್ಪುತ್ತೆ. ಬಂದ ನಂಬರಿಗಿಂತ 0.002 ಇಂಚು ಕಮ್ಮಿ ಆಗೋ ಹಾಗೆ ಡೈ ಸೆಟ್ ಮಾಡಿ. ಸೆಮಿ ಆಟೋ ಆಗಿದ್ರೆ 0.003ರಿಂದ 0.005. ಶೋಲ್ಡರ್‌ನ ಬೇಕಾದ್ದಕ್ಕಿಂತ ಹಿಂದೆ ತಳ್ತಾ ಹೋದ್ರೆ ಕೇಸು ಪ್ರತಿ ಸಲ ಹಿಗ್ಗಿ ಹಿಗ್ಗಿ ಬುಡದ ಹತ್ರ ಸೀಳುತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಮಡಿಕೇರಿ_ಕೋವಿ:
ನಮ್ಮ ಕಡೆ 12 ಬೋರ್ ಕಾರ್ತೂಸಿಗೆ ಇದೆಲ್ಲ ಮಾಡಬಹುದಾ?

ಸೀಟಲ್_ಶೆಟ್ಟಿ:
ಬೇಡ ಸರ್. ಆರ್ಮ್ಸ್ ಆಕ್ಟ್ 1959ರ ಪ್ರಕಾರ ಭಾರತದಲ್ಲಿ ಕಾರ್ತೂಸು ತಯಾರಿಸೋಕೆ ಲೈಸೆನ್ಸ್ ಬೇಕು. ಕೊಡಗಿನವರಿಗಿರೋ ವಿನಾಯ್ತಿ ಕೋವಿ ಇಟ್ಕೊಳ್ಳೋಕೆ.

ಡಲ್ಲಾಸ್_ಗೌಡ:
ಮಾರ್ಕರ್ ಹಾಕಿ ನೋಡ್ದೆ ರಾಯರೇ, ಬುಡದಲ್ಲೇ ಸುತ್ತಲೂ ಹೊಳೀತಿದೆ. ರೇಂಜಲ್ಲಿ ಆರಿಸ್ಕೊಂಡು ಬಂದ ಬ್ರಾಸೇ ಅದು. 9 ಎಂಎಂದು ಶೆಟ್ರು ಹೇಳಿದ ಹಾಗೇ ರಿಮ್ ಗೀರು. ಕಂಪ್ಯಾರೇಟರ್, ಸ್ಮಾಲ್ ಬೇಸ್ ಡೈ ಎರಡೂ ಆರ್ಡರ್ ಮಾಡ್ತೀನಿ, ಪಿಸ್ತೂಲಿಗೆ ಬ್ಯಾರಲ್ಲೇ ಸಾಕು.